ಉಸುಕಿನ ಚೀಲದ ಮಹಬೂಬ್ ಸಾಬರು

ಮಹಬೂಬ್ ಸಾಬರು ಯಾರ ಮನೆಗೆ ಹೋದರೂ ಮೊದಲು ತಲೆ ಎತ್ತಿ ಸೂರು ನೋಡುತ್ತಿದ್ದರು. ಎದುರಿಗಿದ್ದವರಿಗೆ ಸಲಾಮು ಆಮೇಲೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಅವರ ವೆಲ್ಡಿಂಗ್ ಅಂಗಡಿ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಕಡೆ ಮಣ್ಣಿನ ಮಾಳಿಗೆಗಳು ಹೋಗಿ ಆರ್‌ಸಿಸಿ ಮನೆಗಳು ಬರತೊಡಗಿದಾಗ, ತೊಲೆಯೇ ಇಲ್ಲದ ಮನೆಯಲ್ಲಿ ತೊಟ್ಟಿಲು ಎಲ್ಲಿ ಕಟ್ಟುವುದೆಂದು ಹೆಂಗಸರಿಗೆ ಚಿಂತೆ ಹತ್ತಿತು. ಸಾಬರು ಹುಬ್ಬಳ್ಳಿಯಿಂದ ಆ್ಯಂಕರ್ ಬೋಲ್ಟು ತರಿಸಿದರು. ಚಾಣದಿಂದ ಸ್ಲ್ಯಾಬಿಗೆ ತೂತು ಹೊಡೆದು, ಬೋಲ್ಟು ಕೂರಿಸಿ ನಟ್ಟು ಬಿಗಿದರೆ, ಅದರ ಕವಚ ಒಳಗೇ ಅಗಲವಾಗಿ ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತಿತ್ತು.

"ಒಳಗ ಹೋಗಿ ಹೊಟ್ಟಿ ಉಬ್ಬಸ್ತೈತ್ರಿ, ಹೊರಗ ಬಾ ಅಂದ್ರ ಬರಲ್ಲ," ಎಂದು ನಗುತ್ತಿದ್ದರು.

ಆ ನಗು ಚಿಗಟೇರಿಯ ನನ್ನ ಸೋದರಮಾವನ ಮನೆಯಲ್ಲಿ ನಿಂತುಹೋಯಿತು. ಮೊಮ್ಮಗಳ ನಾಮಕರಣಕ್ಕೆಂದು ಮಾವ ಅವರನ್ನು ಕರೆಸಿದ್ದ. ಸ್ಲ್ಯಾಬು ಹಾಕಿ ಹೆಚ್ಚು ದಿನವಾಗಿರಲಿಲ್ಲ.

"ಇನ್ನಾ ಹಸಿ ಐತ್ರಿ ಗೌಡ್ರ, ಹಿಡಿಯಂಗಿಲ್ಲ," ಎಂದರು ಸಾಬರು.

"ನಾಳಿ ಬೀಗರು ಬರ್ತಾರ. ತೊಟ್ಲ ನೆಲಕ್ಕಿಟ್ಟು ತೋರಿಸ್ಲೇನು? ಹೊಡೀರಿ," ಎಂದ ಮಾವ.

ಸಾಬರು ಹೊಡೆದರು. ಮರುದಿನ ಮಗುವನ್ನು ಮಲಗಿಸುವ ಮೊದಲು ನನ್ನ ಅವ್ವ ಖಾಲಿ ತೊಟ್ಟಿಲನ್ನು ತೂಗಿ ನೋಡಿದಳು. ಬೋಲ್ಟು ಮುಷ್ಟಿಗಾತ್ರದ ಕಾಂಕ್ರೀಟನ್ನೂ ಕಿತ್ತುಕೊಂಡು ಬಂತು. ಸಾಗವಾನಿಯ ತೊಟ್ಟಿಲು ಅವಳ ಮೊಣಕೈ ಮೇಲೆ ಬಿತ್ತು.

ಬೀಗರ ಮುಂದೆ ಮಾವ ಸಾಬರನ್ನು ಬಾಯಿಗೆ ಬಂದಂತೆ ಬೈದ. ತಾನು ಅವಸರ ಮಾಡಿದ್ದನ್ನು ಅವನೂ ಹೇಳಲಿಲ್ಲ, ಸಾಬರೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವ್ವನೇ, "ತಪ್ಪು ನಮ್ಮಣ್ಣಂದು ಸಾಬ್ರ," ಎಂದಳು.

ಅವರು ನೆಲ ನೋಡುತ್ತ ನಿಂತಿದ್ದರು. "ಗೊತ್ತಿದ್ದೂ ಹೊಡದ ಕೈ ನಂದ್ರಿ ಅಕ್ಕಾರ."

ಅವ್ವನಿಗೆ ಆ ಕೈಯನ್ನು ಮತ್ತೆ ಪೂರ್ತಿ ಚಾಚಲು ಬರಲಿಲ್ಲ. ಅವಳು ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಸಾಬರು ಅಂಗಡಿಯ ಒಳಕ್ಕೆ ಸರಿಯುತ್ತಿದ್ದರು. ಅಂದಿನಿಂದ ಎಲ್ಲಿ ಬೋಲ್ಟು ಹಾಕಿದರೂ ಅದಕ್ಕೆ ಉಸುಕಿನ ಚೀಲಗಳನ್ನು ನೇತುಹಾಕಿ, ಬೋಲ್ಟು ಸ್ಲ್ಯಾಬಿಗೆ ಸೇರುವಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ಹೋಗುವರು. ಮರುದಿನ ಬಂದು ನೋಡಿದಾಗ ಗೆರೆ ಕೂದಲೆಳೆಯಷ್ಟು ಜಾರಿದ್ದರೂ ಬೋಲ್ಟು ಕಿತ್ತು ಬೇರೆ ಕಡೆ ಹಾಕುವರು. "ಕೂಸು ತೂಗಾಕ ಕರದ್ರ ಸಾಬ್ರು ಆನಿ ತೂಗ್ತಾರ," ಎಂದು ಕೊಟ್ಟೂರು, ಕೂಡ್ಲಿಗಿಗಳಲ್ಲಿ ಜನ ಆಡಿಕೊಂಡರು. ಸಾಬರು ನಗುತ್ತಿರಲಿಲ್ಲ.

ನನ್ನ ಮಗಳು ಹುಟ್ಟಿದಾಗ ಅವ್ವ ಹಟ ಹಿಡಿದು ಅವರನ್ನೇ ಕರೆಸಿದಳು. ನಮ್ಮ ಮನೆಯಲ್ಲಿ ಚೀಲಗಳು ವಾರವಿಡೀ ನೇತಾಡಿದವು. ಇಳಿಸಿದ ದಿನ ಅವ್ವ ತೊಟ್ಟಿಲಿನ ಸರಪಳಿಗೆ ಮಣೆ ಕಟ್ಟಿಸಿ, ತಾನೇ ಕೂತು, ನೆಲದಿಂದ ಕಾಲೆತ್ತಿದಳು. ಸಾಬರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

"ನೋಡ್ರಿ ಸಾಬ್ರ, ಗಟ್ಟಿ ಐತಿ. ಇನ್ನರ ಅದನ್ನ ಮರೀರಿ."

"ಇದು ಗಟ್ಟಿ ಐತ್ರಿ ಅಕ್ಕಾರ. ಅದು ಇದ್ದಿಲ್ಲ."

ಕೊಟ್ಟ ಚಹಾ ಕುಡಿಯದೆ, ಖಾಲಿ ಚೀಲಗಳನ್ನು ಮಡಚಿ ಬಗಲಲ್ಲಿಟ್ಟುಕೊಂಡು ಹೊರಟರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಮಾವ ನಮ್ಮಲ್ಲಿ ಊಟಕ್ಕೆ ಕೂತಿದ್ದ.

"ಪಾಪ, ಭಾಳ ಚಲೋ ಕೆಲಸಗಾರ. ಒಂದಾ ಸಲ ಕೈ ತಪ್ಪಿತ್ತು," ಎಂದ.

ಬಡಿಸುತ್ತಿದ್ದ ಅವ್ವ ಸೌಟು ಕೆಳಗಿಟ್ಟು ಅಣ್ಣನ ಮುಖವನ್ನೇ ನೋಡಿದಳು. ಊಟ ಮುಗಿಯುವವರೆಗೂ ಮಾವ ತಲೆ ಎತ್ತಲಿಲ್ಲ.