ಊರಲ್ಲಿಲ್ಲದವಳ ಉತ್ತರಪತ್ರಿಕೆ

ಮಾನ್ವಿಗೆ ವರ್ಗವಾಗಿ ಬರುವ ಮುಂಚೆ ಆರು ವರ್ಷ ನಾನು ದೇವದುರ್ಗ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ದಿನಾ ರಾಯಚೂರಿನಿಂದ ಬಸ್ಸು. ಆ ಆರು ವರ್ಷದಲ್ಲಿ ನಮ್ಮ ಹೆಡ್‌ಮಾಸ್ತರು ಪಾಠ ಮಾಡಿದ್ದನ್ನು ನಾನು ಕಂಡದ್ದು ಎರಡು ಸಲ. ಎರಡೂ ಸಲ ಯಾರೋ ಸಾಹೇಬರು ಬಂದಿದ್ದರು. ಆ ಮನುಷ್ಯನಿಗೆ ಹತ್ತು ಮಕ್ಕಳ ಹೆಸರು ನೆಟ್ಟಗೆ ಗೊತ್ತಿರಲಿಲ್ಲ. ಆದರೆ ತಾಲೂಕಿನಲ್ಲಿ ನಮ್ಮ ಶಾಲೆ ಎಷ್ಟನೇ ಸ್ಥಾನದಲ್ಲಿದೆ ಎಂಬುದನ್ನು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು.

ಸ್ಥಾನ ಎಂದರೆ ಇಲಾಖೆಯವರು ವರ್ಷಕ್ಕೊಮ್ಮೆ ಮಕ್ಕಳಿಗೆ ಇಡುವ ಒಂದು ಪರೀಕ್ಷೆಯದು. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ. ಮಕ್ಕಳು ಉತ್ತರ ಬರೆಯುವ ಹಾಗಿಲ್ಲ, ಪ್ರತಿ ಪ್ರಶ್ನೆಯ ಮುಂದಿರುವ ನಾಲ್ಕು ವೃತ್ತಗಳಲ್ಲಿ ಒಂದನ್ನು ಪೆನ್ನಿನಿಂದ ತುಂಬಬೇಕು. ಅದನ್ನು ಮಷೀನು ಓದುತ್ತದಂತೆ. ಸರಿಯೇ ಬಿಡಿ, ನಮ್ಮ ಶಾಲೆಯಲ್ಲಿ ಓದು ಬರುತ್ತಿದ್ದದ್ದು ಬಹುಶಃ ಅದಕ್ಕೊಂದಕ್ಕೇ.

ಒಂದು ವರ್ಷ ಮೇಲ್ವಿಚಾರಣೆಗೆಂದು ಬೇರೆ ಊರಿನ ಮಾಸ್ತರೊಬ್ಬರನ್ನು ಕಳಿಸಿದ್ದರು. ‘ಬರ್ರಿ ಸರ್, ಮೊದ್ಲ ನಾಷ್ಟಾ ಆಗ್ಲಿ’ ಎಂದು ಹೆಡ್‌ಮಾಸ್ತರು ಅವರನ್ನು ತಮ್ಮ ಕೋಣೆಗೆ ಕರೆದೊಯ್ದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಮುಂದಿಟ್ಟರು. ಆ ಮಹಾನುಭಾವ ಪರೀಕ್ಷೆ ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಇತ್ತ ಹೆಡ್‌ಮಾಸ್ತರು ಕೈಯಲ್ಲೊಂದು ಚೀಟಿ ಹಿಡಿದು, ಸಂತೆಯಲ್ಲಿ ದರ ಕೂಗುವವರ ಹಾಗೆ, ‘ಒಂದನೇದು ಬಿ, ಎರಡನೇದು ಡಿ’ ಎನ್ನುತ್ತ ಸಾಲುಗಳ ನಡುವೆ ಓಡಾಡಿದರು. ಮಕ್ಕಳು ತುಂಬಿದರು. ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ಥೂ, ಎಂಥ ಜನ್ಮ ಅನಿಸಿತು.

ಕೊನೆಗೆ ಒಂದು ಹಾಳೆ ಉಳಿಯಿತು. ಅದು ನಾಲ್ಕನೇ ತರಗತಿಯ ಒಬ್ಬ ಹುಡುಗಿಯದು. ದೀಪಾವಳಿ ಮುಗಿದ ಕೂಡಲೇ ಅವಳ ಅಪ್ಪ ಅವ್ವ ಅವಳನ್ನೂ ಕರೆದುಕೊಂಡು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದರು.

‘ಟೀಚರ್, ಇದೊಂದು ನೀವ ತುಂಬಿಬಿಡ್ರಿ.’

‘ಸರ್, ಆ ಹುಡುಗಿ ಊರಾಗಿಲ್ಲಲ್ರೀ.’

‘ಊರಾಗಿಲ್ಲಂದ್ರ ಏನಾತ್ರೀ? ಹಾಜರಿ ಪುಸ್ತಕದಾಗ ಅದಾಳಲ್ಲ!’

ನನಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಆ ಹಾಳೆಯನ್ನು ಅವರ ಮುಖದ ಮೇಲೆ ಎಸೆದಿದ್ದರೆ ನಾನೂ ಮನುಷ್ಯಳಾಗುತ್ತಿದ್ದೆ. ಬದಲಿಗೆ ಜಾಣತನ ಮಾಡಲು ಹೋದೆ. ಆ ಹುಡುಗಿಗೆ ಎರಡಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಹೆಡ್‌ಮಾಸ್ತರ ಕೂಗು ಕೇಳಿ ತುಂಬಿದ ಮಕ್ಕಳೂ ಅಲ್ಲಲ್ಲಿ ತಪ್ಪಿದ್ದರು. ನಾನು ಮಾತ್ರ ಒಂದೂ ತಪ್ಪಿಲ್ಲದಂತೆ ಎಲ್ಲ ಉತ್ತರ ಸರಿಯಾಗಿ ತುಂಬಿದೆ. ದೊಡ್ಡ ದೊಡ್ಡ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತವರಲ್ಲಿ ಒಬ್ಬರಿಗಾದರೂ ಅನುಮಾನ ಬರುತ್ತದೋ ಇಲ್ಲವೋ, ನೋಡಿಯೇ ಬಿಡೋಣ. ಬಂದು ತಪಾಸಣೆ ಮಾಡಲಿ, ಈ ಹೆಡ್‌ಮಾಸ್ತರ ಮಾನ ಮೂರು ಕಾಸಾಗಲಿ ಎಂದು ಒಳಗೊಳಗೇ ಹಿಗ್ಗಿದೆ.

ಯಾರಿಗೂ ಅನುಮಾನ ಬರಲಿಲ್ಲ. ತಾಲೂಕಿನಲ್ಲಿ ಶಾಲೆಯ ಸ್ಥಾನ ಮೇಲೇರಿತೆಂದು ಹೆಡ್‌ಮಾಸ್ತರನ್ನು ರಾಯಚೂರಿಗೆ ಕರೆಸಿ ಶಾಲು ಹೊದಿಸಿದರು. ಮರುದಿನ ಅವರು ಅದೇ ಶಾಲು ಹೊದ್ದು, ಆ ಉರಿ ಬಿಸಿಲಿನಲ್ಲಿ, ಶಾಲೆಗೆ ಬಂದರು.

ಜೂನಿನಲ್ಲಿ ಹುಡುಗಿ ತಿರುಗಿ ಬಂದಳು. ಒಂದು ಗೇಣು ಬೆಳೆದಿದ್ದಳು, ಕಂಕುಳಲ್ಲಿ ತಂಗಿ. ಬಂದವಳೇ ನನ್ನ ಟೇಬಲ್ಲಿನ ಹತ್ತಿರ ನಿಂತು, ‘ಟೀಚರ್ರೀ, ನನಗ ಓದಾಕ ಕಲಸ್ರೀ’ ಎಂದಳು. ಏನಾಯಿತೇ ಎಂದು ಕೇಳಿದೆ.

‘ಬೆಂಗಳೂರಾಗ ಬೋರ್ಡ್ ಓದಾಕ ಬರಲಾರದ ಬ್ಯಾರೆ ಬಸ್ ಹತ್ತಿಬಿಟ್ಟಿದ್ದೆ ನೋಡ್ರಿ. ತಂಗೀನ ಎತ್ಗೊಂಡು ಅರ್ಧ ದಿನ ಅಳ್ಕೋತ ತಿರುಗ್ಯಾಡೀನಿ. ದೀಪಾವಳಿ ಆದ ಮ್ಯಾಲ ಮತ್ತ ಹೋಗ್ತೀವಿ. ಅಷ್ಟರೊಳಗ ನನಗ ಓದಾಕ ಬರಬೇಕ್ರೀ.’

ಆ ವರ್ಷವೇ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆಂದು ನಮ್ಮ ಶಾಲೆಯಲ್ಲಿ ವಿಶೇಷ ತರಗತಿ ಶುರುವಾಗಿತ್ತು. ಹೆಡ್‌ಮಾಸ್ತರ ಕೂಗಿಗೂ ಸಿಕ್ಕದೆ ತಪ್ಪು ತುಂಬಿದ ಕೆಲವು ಪುಣ್ಯವಂತ ಮಕ್ಕಳಿದ್ದರು. ಅವರಿಗೆ ಅಕ್ಷರದಿಂದ ಕಲಿಸಲು ಬೇರೆ ಒಬ್ಬ ಯುವತಿಯನ್ನು ನೇಮಿಸಿದ್ದರು, ಒಳ್ಳೆಯ ಟೀಚರು ಆಕೆ. ಈ ಹುಡುಗಿಯನ್ನೂ ಅಲ್ಲೇ ಕೂರಿಸಿದೆ. ಮೂರು ವಾರದಲ್ಲಿ ‘ಬಳಪ’, ‘ಕಮಲ’ ಎಂದು ಬೆರಳಿಟ್ಟು ಓದತೊಡಗಿದಳು. ಒತ್ತಕ್ಷರ ಇನ್ನೂ ಬಂದಿರಲಿಲ್ಲ.

ನಾಲ್ಕನೇ ವಾರ ತಾಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಮಕ್ಕಳ ಮುಖ ನೋಡಲಿಲ್ಲ, ಮೊಬೈಲಿನಲ್ಲಿದ್ದ ಪಟ್ಟಿ ನೋಡಿದರು. ‘ಈಕಿ ಎಲ್ಲಾ ಉತ್ತರ ಸರಿ ಬರ್ದಾಕಿ! ದಡ್ಡರ ಸಂಗಾಟ ಯಾಕ ಕುಂತಾಳ?’ ಎಂದು ಅವಳನ್ನು ಎಬ್ಬಿಸಿದರು. ಕೈಗೊಂದು ಪುಸ್ತಕ ಕೊಟ್ಟು, ‘ಓದವ್ವ, ಇವ್ರು ನಿನ್ನ ನೋಡಿ ಕಲೀಲಿ’ ಎಂದರು.

ಹುಡುಗಿ ಪುಸ್ತಕ ಹಿಡಿದು ನಿಂತಳು. ಬೆರಳು ಮೊದಲ ಪದದ ಮೇಲೇ ನಿಂತುಬಿಟ್ಟಿತು. ಮೊದಲ ಸಾಲಿನಲ್ಲೇ ಒತ್ತಕ್ಷರ.

‘ನಾಚ್ಕೋತಾಳ್ರೀ ಸಾಹೇಬ್ರ, ಹೆಣ್ಣುಹುಡುಗಿ’ ಎಂದು ಹೆಡ್‌ಮಾಸ್ತರು ಹಲ್ಲು ಕಿರಿದರು. ಸಾಹೇಬರು ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ. ಆಮೇಲೆ ಪಟ್ಟಿಯಲ್ಲಿ ಇಲ್ಲದವರನ್ನು ಕೂರಿಸಬಾರದು ಎಂದು ಹೇಳಿ ಅವಳನ್ನು ಹೊರಗೆ ಕಳಿಸಿದರು.

ಸಂಜೆ ಬಸ್ಸಿಗೆ ಹೊರಟಾಗ ಗೇಟಿನ ಹತ್ತಿರ ನಿಂತಿದ್ದಳು.

‘ಟೀಚರ್ರೀ, ನನಗ ಎಲ್ಲಾ ಬರ್ತದಂತ ಅವ್ರಿಗೆ ಯಾರು ಹೇಳ್ಯಾರ್ರೀ?’

‘ಪರೀಕ್ಷೆದಾಗ ಹಂಗ ಬಂದದವ್ವ’ ಎಂದೆ. ಎಂಥ ನಾಲಿಗೆ ನನ್ನದು!

‘ನಾ ಪರೀಕ್ಷೆ ಬರದೇ ಇಲ್ಲಲ್ರೀ. ನನಗ ಬರಂಗಿಲ್ಲಂತ ನೀವರ ಹೇಳ್ರೀ ಅವ್ರಿಗೆ.’

‘ಹೇಳ್ತೀನವ್ವ, ನಾಳೆ ಹೇಳ್ತೀನಿ.’

ಹೇಳಲಿಲ್ಲ. ಹೇಳಿದ್ದರೆ ಹಾಳೆ ತುಂಬಿದವರು ಯಾರು ಎಂದು ಕೇಳುತ್ತಿದ್ದರು, ನನ್ನ ನೌಕರಿಗೇ ಕುತ್ತು ಬರುತ್ತಿತ್ತು. ನಾನೇ ಸಂಜೆ ಒಂದು ತಾಸು ಕೂರಿಸಿಕೊಂಡು ಕಲಿಸಬಹುದಿತ್ತಲ್ಲ? ಐದರ ಬಸ್ಸು ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಡೀ ಶಾಲೆಯಲ್ಲಿ ಹೆಡ್‌ಮಾಸ್ತರೊಬ್ಬರೇ ನೀಚರು ಎಂದು ತಿಳಿದಿದ್ದೆ ನಾನು. ದೀಪಾವಳಿ ಆದ ವಾರಕ್ಕೆ ಆ ಹುಡುಗಿ ತಂಗಿಯನ್ನು ಎತ್ತಿಕೊಂಡು ಬೆಂಗಳೂರಿಗೆ ಹೋದಳು, ಒತ್ತಕ್ಷರ ಬಾರದೆಯೇ.