ಕೂಗದ ಕಾರ್ಡು

ನಮ್ಮ ಶೆಡ್ಡಿಗೆ ಸರ್ವರ್ ಬೇಕು ಎಂಬ ಮಾತು ಬಂದದ್ದು ಒಂದು ಪೆನ್‌ಡ್ರೈವಿನ ದೆಸೆಯಿಂದ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೋಗ್ರಾಮ್ ಬರೆಯುವವಳು. ನೆಂಟರೆಲ್ಲ ಅದನ್ನು ಸಾಫ್ಟ್‌ವೇರ್ ಕೆಲಸ ಎಂದುಕೊಂಡು ಬಹಳ ದಿನ ಹೆಮ್ಮೆಪಟ್ಟರು, ನಾನೂ ತಿದ್ದಲು ಹೋಗಲಿಲ್ಲ. ನಾನು ಬರೆಯುವುದು ಮಿಲ್ಲಿಂಗ್ ಮಷೀನುಗಳಿಗೆ. ಕಟ್ಟರ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಎತ್ತರದಲ್ಲಿ ಹಾಯಬೇಕು, ಎಲ್ಲಿ ಇಳಿದು ಕೊರೆಯಬೇಕು ಎಂದು ಸಾಲು ಸಾಲಾಗಿ ಹೇಳುವುದು. ಹೇಳಿದ ಜಾಗಕ್ಕೆ ಮಷೀನು ಹೋಗಿಯೇ ತೀರುತ್ತದೆ. ದಾರಿಯಲ್ಲಿ ಉಕ್ಕಿನ ತುಂಡು ಅಡ್ಡ ಇದ್ದರೂ ಹೋಗುತ್ತದೆ.

ಮಷೀನುಗಳ ಮುಂದೆ ನಿಲ್ಲುತ್ತಿದ್ದವರು ಯಾದಗಿರಿ ಕಡೆಯ ಅಣ್ಣ ತಮ್ಮಂದಿರು. ಮಾಕಳಿಯಲ್ಲಿ ಒಂದು ರೂಮು ಹಿಡಿದು, ಒಂದೇ ಬೈಕಿನಲ್ಲಿ ಬರುತ್ತಿದ್ದರು. ಮೊದಲ ಮಷೀನು ಅಣ್ಣನದು, ಅದರ ಪಕ್ಕದ್ದು ತಮ್ಮನದು. ಒಂದು ದಿನ ಅಣ್ಣ ಪೆನ್‌ಡ್ರೈವ್ ಹಾಕಿ ಮಷೀನು ಚಾಲೂ ಮಾಡಿದ. ಅದರಲ್ಲಿದ್ದದ್ದು ಹಳೆಯ ಪ್ರೋಗ್ರಾಮು. ಅದೇ ಹೆಸರು, ಅದೇ ಪಾರ್ಟು, ಆದರೆ ನಾನು ತಿದ್ದುವುದಕ್ಕೆ ಮುಂಚಿನದು. ಕಟ್ಟರ್ ಹೋಗಿ ತುಂಡನ್ನು ಹಿಡಿದಿದ್ದ ಉಕ್ಕಿನ ಹಿಡಿಕೆಗೆ ಬಡಿದು ಚೂರಾಯಿತು. ಒಂದು ಚೂರು ಅವನ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ತಗಡಿನ ಗೋಡೆಗೆ ನಾಟಿಕೊಂಡಿತು. ಅವನು ಅದನ್ನು ಇಕ್ಕಳದಲ್ಲಿ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟ.

"ಅಕ್ಕಾರ, ಇದು ನಿಮ್ಮದ ನೋಡ್ರಿ. ನನ್ನ ಕಿವಿಗೆ ಬ್ಯಾಡಾಗಿತ್ತು" ಎಂದ.

ತಮಾಷೆಗೆ ಹೇಳಿದ್ದು. ನನಗೆ ಆವತ್ತು ಊಟ ಸೇರಲಿಲ್ಲ. ಒಂದು ಅಂಗುಲ ಈಚೆ ಬಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ತಲೆಗೆ ಹೊಕ್ಕಿತು, ಮತ್ತೆ ಹೊರಗೆ ಹೋಗಲೇ ಇಲ್ಲ. ಅವನು ಮಷೀನಿನ ಗುಂಡಿ ಒತ್ತುವಾಗಲೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ. ಯಜಮಾನರ ಬಳಿ ಹೋಗಿ, ಇನ್ನು ಪೆನ್‌ಡ್ರೈವ್ ಇರಕೂಡದು, ಎಲ್ಲ ಪ್ರೋಗ್ರಾಮೂ ಒಂದೇ ಕಡೆ ಇರಬೇಕು, ಹಳೆಯದು ಎಲ್ಲೂ ಉಳಿಯಬಾರದು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಒಪ್ಪಿದರು. ಒಳ್ಳೆಯ ಮನುಷ್ಯ. ತಂದೆಯ ರಾಗಿ ಹೊಲದಲ್ಲೇ ಶೆಡ್ಡು ಎಬ್ಬಿಸಿದವರು. ಯಾವ ವಸ್ತುವನ್ನೂ ಹೊಸದಾಗಿ ಕೊಂಡವರಲ್ಲ, ಅಷ್ಟೆ.

ಹಾಗಾಗಿ ನಾವು ವೈಟ್‌ಫೀಲ್ಡಿನ ಒಂದು ಗೋಡೌನಿಗೆ ಹೊರಟೆವು. ಟೆಕ್ ಪಾರ್ಕುಗಳು ಬಿಸಾಡಿದ ಸರ್ವರುಗಳನ್ನು ಒರೆಸಿ ಮಾರುವ ಜಾಗ. ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗುವುದೆಂದರೆ ಪರಸ್ಥಳಕ್ಕೆ ಹೋದ ಹಾಗೆ. ಯಜಮಾನರು ಮನೆಯಿಂದ ಚಿತ್ರಾನ್ನ ಕಟ್ಟಿಸಿಕೊಂಡೇ ಬಂದಿದ್ದರು. ಗೋಡೌನಿನಲ್ಲಿ ಬೆಳಕು ಕಡಿಮೆ. ಸರ್ವರುಗಳು ಸೀಲಿಂಗಿನವರೆಗೂ ಒಂದರ ಮೇಲೊಂದು ಪೇರಿಸಿದ್ದವು. ಕೆಲವಕ್ಕೆ ಹಳೆಯ ಕಂಪನಿಯವರು ಅಂಟಿಸಿದ ಚೀಟಿಗಳು ಇನ್ನೂ ಹಾಗೇ ಇದ್ದವು. ಎಷ್ಟೋ ಜನ ಇಟ್ಟುಕೊಂಡು ಬಿಟ್ಟುಹೋದದ್ದನ್ನು ನಾವು ಮನೆಗೆ ತರುತ್ತಿದ್ದೇವಲ್ಲ ಎಂದು ನನಗೆ ಒಳಗೊಳಗೇ ಇರುಸುಮುರುಸು.

ಸರ್ವರ್ ಆರಿಸುವುದು ಕಷ್ಟವಾಗಲಿಲ್ಲ, ಎಲ್ಲಕ್ಕಿಂತ ಅಗ್ಗದ್ದನ್ನು ಯಜಮಾನರು ಬಾಗಿಲಲ್ಲೇ ಗುರುತಿಸಿದರು. ತಕರಾರು ಬಂದದ್ದು ಒಳಗೆ ಕೂರಿಸುವ ಕಾರ್ಡಿನ ವಿಷಯಕ್ಕೆ. ಎರಡು ಡಿಸ್ಕು ಇರುತ್ತವೆ, ಒಂದರಲ್ಲಿ ಬರೆದದ್ದನ್ನೆಲ್ಲ ಈ ಕಾರ್ಡು ಇನ್ನೊಂದರಲ್ಲೂ ಹಾಗೇ ಬರೆಯುತ್ತದೆ. ಒಂದು ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ. ಅಂಗಡಿಯವನ ಹತ್ತಿರ ಅಂಥವು ಎರಡು ಇದ್ದವು. ಒಂದು ದೊಡ್ಡದು, ತನ್ನದೇ ಬ್ಯಾಟರಿ ಇದ್ದದ್ದು. ಇನ್ನೊಂದು ಚಿಕ್ಕದು, ಬೆಲೆಯೂ ಚಿಕ್ಕದು.

"ಲೈವಾಗಿ ತೋರಿಸ್ತೀನಿ ನೋಡಿ ಸಾರ್" ಎಂದು ಅವನು ದೊಡ್ಡ ಕಾರ್ಡಿದ್ದ ಸರ್ವರ್ ಓಡುತ್ತಿರುವಾಗಲೇ ಒಂದು ಡಿಸ್ಕನ್ನು ಎಳೆದು ಹೊರಗಿಟ್ಟ. ಕಾರ್ಡು ಕಿವಿ ತೂತಾಗುವಂತೆ ಕೂಗತೊಡಗಿತು. ನಿಲ್ಲಿಸಲಿಲ್ಲ. ಯಜಮಾನರು ಕಿವಿ ಮುಚ್ಚಿಕೊಂಡು, "ಇದೇನಯ್ಯಾ, ಸಾವಿನ ಮನೆ ತರ ಬಡ್ಕೊಳ್ತದೆ? ಆಫ್ ಮಾಡು" ಎಂದರು.

ಚಿಕ್ಕ ಕಾರ್ಡಿನದ್ದನ್ನು ಎಳೆದಾಗ ಏನೂ ಆಗಲಿಲ್ಲ. ಹಸಿರು ದೀಪ ಕಿತ್ತಳೆಯಾಯಿತು, ಅಷ್ಟೆ. ಡಿಸ್ಕನ್ನು ಮತ್ತೆ ತಳ್ಳಿದ, ದೀಪ ಮಿಣುಕಿ ಮಿಣುಕಿ ಕೊನೆಗೆ ಹಸಿರಾಯಿತು. ಯಜಮಾನರಿಗೆ ಇದು ಬಹಳ ಹಿಡಿಸಿತು. ತಾವೇ ಒಂದು ಸಲ ಎಳೆದರು, ತಾವೇ ಹಾಕಿದರು.

"ನೋಡ್ದಾ? ಕಿತ್ತು ಆಕಿದ್ರೂ ಏನೂ ಆಗಲ್ಲ. ಇಂಗಿರಬೇಕು ಕಣಮ್ಮ."

"ಸಾರ್, ಕೂಗೋದೇ ಅದರ ಕೆಲಸ" ಎಂದೆ. "ಒಂದು ಡಿಸ್ಕ್ ಹೋಗಿದೆ ಅಂತ ನಮಗೆ ಗೊತ್ತಾಗೋದು ಬೇಡ್ವಾ?" ಆಮೇಲೆ ಅಂಗಡಿಯವನ ಕಡೆ ತಿರುಗಿ, ಒಂದು ಡಿಸ್ಕು ತಿಂಗಳುಗಟ್ಟಲೆ ಕೆಟ್ಟು ಕೂತಿದ್ದು ಆಮೇಲೆ ಎದ್ದು ಬಂದರೆ, ಎರಡರಲ್ಲಿ ಯಾವುದು ಹೊಸದು ಅಂತ ಈ ಚಿಕ್ಕ ಕಾರ್ಡಿಗೆ ಹೇಗೆ ತಿಳಿಯುತ್ತೆ ಎಂದು ಕೇಳಿದೆ.

ಅವನು ನಕ್ಕ. "ಮೇಡಂ, ನೀವು ತುಂಬಾ ಯೋಚನೆ ಮಾಡ್ತೀರ. ಪಕ್ಕಾ ಮಾಲು ಇದು, ಟೆನ್ಷನ್ ತಗೋಬೇಡಿ."

ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೂಗದ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಯಜಮಾನರು ದಾರಿಯುದ್ದಕ್ಕೂ ಖುಷಿಯಾಗಿ ಮಾತಾಡಿದರು.

ಶೆಡ್ಡಿನಲ್ಲಿ ಹೊಸ ಪದ್ಧತಿ ಬಂತು. ಮಷೀನಿನ ನೆನಪಿನಲ್ಲಿ ಯಾವ ಪ್ರೋಗ್ರಾಮೂ ಉಳಿಯುವಂತಿಲ್ಲ. ಕೆಲಸ ಶುರುಮಾಡುವ ಮುಂಚೆ ಸರ್ವರಿನಿಂದಲೇ ಎಳೆದುಕೊಳ್ಳಬೇಕು. ಅಣ್ಣ ತಮ್ಮ ಇಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಪೆನ್‌ಡ್ರೈವುಗಳನ್ನೆಲ್ಲ ನಾನೇ ಸುತ್ತಿಗೆಯಿಂದ ಜಜ್ಜಿ ಬಿಸಾಡಿದೆ. ಅಷ್ಟು ಸಂತೋಷ ಕೊಟ್ಟ ಕೆಲಸ ಆ ವರ್ಷ ಇನ್ನೊಂದಿಲ್ಲ.

ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ವಾರದಲ್ಲಿ ಕೆಳಗಿನ ಡಿಸ್ಕಿನ ದೀಪ ಕಿತ್ತಳೆಯಾಯಿತು. ಎಣ್ಣೆ ಹೊಗೆ ತಾಗದಿರಲೆಂದು ಸರ್ವರನ್ನು ಗಾಜಿನ ಬಾಗಿಲಿನ ಬೀರುವಿನಲ್ಲಿ ಇಟ್ಟಿದ್ದೆವು. ಗಾಜು ಒರೆಸುವಾಗ ನನ್ನ ಕಣ್ಣಿಗೆ ಬಿತ್ತು. ಅಂಗಡಿಯವನಿಗೆ ಫೋನ್ ಮಾಡಿದೆ. ನಾಳೆ ಬರ್ತೀನಿ ಎಂದ. ಅವನ ನಾಳೆ ಮುಗಿಯಲೇ ಇಲ್ಲ. ಬೇರೆ ಡಿಸ್ಕು ತರೋಣ, ಹೊರಗೆ ಇನ್ನೊಂದು ಪ್ರತಿಯನ್ನಾದರೂ ಇಡೋಣ ಎಂದು ಯಜಮಾನರನ್ನು ಕಾಡಿದೆ. "ನಡೀತಾ ಐತಲ್ಲಮ್ಮ. ನಡೀತಾ ಇರೋದನ್ನ ಯಾಕೆ ಮುಟ್ತೀಯ?" ಎಂದರು. ಮತ್ತೆ ಕೇಳಿದೆ. ಮತ್ತೆ ಅದೇ ಮಾತು. ಕೊನೆಗೆ ಆ ದೀಪ ನನಗೂ ಅಭ್ಯಾಸವಾಗಿಹೋಯಿತು, ಕೆಲಸ ಮಾತ್ರ ಒಂದೇ ಡಿಸ್ಕಿನ ಮೇಲೆ ನಡೆಯುತ್ತಿತ್ತು. ಕೆಳಗಿನದು ಬೇಸಿಗೆಯಲ್ಲೇ ನಿಂತುಹೋಗಿತ್ತು.

ಆಷಾಢದಲ್ಲಿ ಎರಡೂ ಮಷೀನಿಗೆ ಹೊಸ ಫಿಕ್ಸ್ಚರ್ ಬಂತು. ಕೊರೆಯುವ ತುಂಡನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವ ಉಕ್ಕಿನ ಹಿಡಿಕೆಗಳು. ಹಳೆಯವಕ್ಕಿಂತ ಎತ್ತರ. ಹಾಗಾಗಿ ಕಟ್ಟರ್ ಇನ್ನೂ ಮೇಲಿನಿಂದ ಹಾಯಬೇಕು. ಇರುವ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ತೆರೆದು ತಿದ್ದಿದೆ. ತಿದ್ದಿದ ಪ್ರತಿಯೊಂದರ ಮೊದಲ ಸಾಲಿನಲ್ಲೂ ಹೊಸ ಫಿಕ್ಸ್ಚರ್ ಎಂದು ಬರೆದೆ. ಅಣ್ಣ ತಮ್ಮ ಮೊದಲ ಒಂದೆರಡು ದಿನ ಎಲ್ಲವನ್ನೂ ತುಂಡಿಲ್ಲದೆ, ಬರೀ ಗಾಳಿಯಲ್ಲಿ ಓಡಿಸಿ ನೋಡಿದರು. ಸರಿಯಾಗಿತ್ತು. ಶ್ರಾವಣ, ಭಾದ್ರಪದ ಪೂರ್ತಿ ಏನೂ ತೊಂದರೆಯಿಲ್ಲದೆ ಓಡಿತು. ನಾನು ಉಸಿರು ಹಿಡಿಯುವುದನ್ನು ಬಿಟ್ಟಿದ್ದೆ.

ಆಯುಧಪೂಜೆ ಬಂತು. ಪೀಣ್ಯದಲ್ಲಿ ಆವತ್ತು ಎಲ್ಲ ಸದ್ದೂ ನಿಲ್ಲುತ್ತದೆ. ಆ ಮೌನ ನನಗೆ ಯಾವತ್ತೂ ಹಿತವೆನಿಸಿಲ್ಲ. ಮನೆಯ ಪೂಜೆ ಮುಗಿಸಿ ನಾನು ಶೆಡ್ಡಿಗೆ ಬರುವಷ್ಟರಲ್ಲಿ ಮಷೀನುಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂ ಹಾಕಿ ಆಗಿತ್ತು. ವರ್ನಿಯರ್, ಮೈಕ್ರೋಮೀಟರ್, ಸ್ಪ್ಯಾನರುಗಳನ್ನೆಲ್ಲ ಒರೆಸಿ ಒಂದು ಮಣೆಯ ಮೇಲೆ ಜೋಡಿಸಿದ್ದರು. ಅವುಗಳ ನಡುವೆ, ತಟ್ಟೆಯಲ್ಲಿ, ವಿಭೂತಿ ಬಳಿದು ಕುಂಕುಮ ಇಟ್ಟ ಎರಡು ಡಿಸ್ಕು.

ನಾನು ತಟ್ಟೆಯ ಹತ್ತಿರ ಓಡಿದೆ. "ಸಾರ್, ಇದನ್ನ ಯಾಕೆ ತೆಗೆದ್ರಿ? ಇದರಲ್ಲಿ ಮೇಲಿಂದು ಯಾವುದು, ಕೆಳಗಿಂದು ಯಾವುದು?"

ಮಡಿಯಲ್ಲಿದ್ದ ಯಜಮಾನರು ಸಮಾಧಾನದಿಂದಲೇ ಹೇಳಿದರು. "ಎಲ್ಡೂ ಒಂದೇ ಅಲ್ವೇನಮ್ಮ? ಅದಕ್ಕೇ ತಾನೆ ಎಲ್ಡು ತಗೊಂಡಿದ್ದು? ನಮ್ಮ ಕೆಲಸ ಪೂರಾ ಇದ್ರಾಗೇ ಐತೆ. ಬೀರುಗೆ ಊವ ಆಕಿ, ಇದನ್ನ ಬುಟ್ರೆ ಎಂಗೆ?"

ಮಂಗಳಾರತಿ ಆಯಿತು. ಗೇಟಿನ ಮುಂದೆ ಬೂದುಗುಂಬಳ ಒಡೆದರು. ಯಜಮಾನರೇ ಡಿಸ್ಕುಗಳನ್ನು ಕೈಗೆ ಸಿಕ್ಕ ಹಾಗೆ ಒಳಕ್ಕೆ ತಳ್ಳಿ ಸ್ವಿಚ್ಚು ಹಾಕಿದರು. ನಾನು ಬೀರುವಿನ ಮುಂದೆ ನಿಂತು ನೋಡಿದೆ. ಒಂದು ಹಸಿರು, ಒಂದು ಮಿಣುಕು. ಬಹಳ ಹೊತ್ತು ಮಿಣುಕಿತು. ಆಮೇಲೆ, ಬೇಸಿಗೆಯಿಂದ ಒಂದು ದಿನವೂ ಆಗದಿದ್ದದ್ದು, ಎರಡೂ ಹಸಿರಾದವು. ಯಜಮಾನರು ಕೈಮುಗಿದರು. "ನೋಡ್ದಾ, ತಾಯಿ ಸರಿ ಮಾಡಿದ್ಲು" ಎಂದರು. ಒಂದೆರಡು ಫೈಲು ತೆರೆದು ನೋಡಿದೆ, ತೆರೆದುಕೊಂಡವು. ನನಗೂ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ವಿಜಯದಶಮಿ ಕಳೆದು ಕೆಲಸ ಶುರುವಾಯಿತು. ಅಣ್ಣ ದಿನದಂತೆ ಸರ್ವರಿನಿಂದ ಪ್ರೋಗ್ರಾಮ್ ಎಳೆದುಕೊಂಡ. ಎರಡು ತಿಂಗಳಿಂದ ಓಡುತ್ತಿದ್ದ ಪಾರ್ಟು, ಗಾಳಿಯಲ್ಲಿ ಓಡಿಸಿ ನೋಡುವ ಪ್ರಮೇಯವೇ ಇರಲಿಲ್ಲ. ಪಕ್ಕದ ಮಷೀನಿನಲ್ಲಿ ತಮ್ಮ ಬೇರೊಂದು ತುಂಡನ್ನು ಕೂರಿಸಿ ಅಳತೆ ಹಿಡಿಯುತ್ತಿದ್ದ. ನಾನು ಟೀ ಲೋಟ ಎತ್ತಿದ್ದೆ. ಮೊದಲು ಬಡಿದ ಸದ್ದು, ಹಿಂದೆಯೇ ಏನೋ ಒಡೆದ ಸದ್ದು. ಮಷೀನು ತಾನಾಗಿ ನಿಂತಿತು. ಅದರ ಬಾಗಿಲ ಕಿಟಕಿಯ ಪ್ಲಾಸ್ಟಿಕ್ಕು ವರ್ಷಗಟ್ಟಲೆ ಎಣ್ಣೆ ನೀರು ಕುಡಿದು ಹಳದಿಯಾಗಿ ಪೆಡಸಾಗಿತ್ತು, ಕಟ್ಟರಿನ ಚೂರು ಅದನ್ನು ತೂರಿಕೊಂಡು ಬಂದಿತ್ತು. ಅಣ್ಣ ನೆಲದಲ್ಲಿ ಕೂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ. ಕೂಗಲಿಲ್ಲ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೂ ಇಳಿಯುತ್ತಿತ್ತು.

ತಮ್ಮ ಓಡಿ ಬಂದು ಅಣ್ಣನನ್ನು ಹಿಡಿದುಕೊಂಡ. ಅವನನ್ನು ತಡೆದದ್ದು ಅಣ್ಣನೇ. "ನೀ ಬರಬ್ಯಾಡ. ಲೋಡ್ ಇವತ್ತ ಹೋಗಬೇಕು, ನಿನ್ನ ಮಷೀನ್ ನೋಡ್ಕೋ. ನನ್ನ ಜೋಡಿ ಅಕ್ಕಾರ ಅದಾರ" ಎಂದ. ಯಜಮಾನರು ರಸ್ತೆಗೆ ಓಡಿ ಒಂದು ಆಟೋ ನಿಲ್ಲಿಸಿದರು. ನಾನು ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಕೂತೆ.

ಆಸ್ಪತ್ರೆಯಲ್ಲಿ ಮೊದಲು ಅವನನ್ನು ಒಳಗೆ ಕರೆದುಕೊಂಡು ಹೋದರು. ಆಮೇಲೆ ಡಾಕ್ಟರು ಹೊರಗೆ ಬಂದು ನನ್ನ ಜೊತೆ ಸ್ವಲ್ಪ ಹೊತ್ತು ಮಾತಾಡಿದರು. ನಾನು ಒಳಗೆ ಹೋದಾಗ ಅವನ ಅರ್ಧ ಮುಖಕ್ಕೆ ಪಟ್ಟಿ ಸುತ್ತಿದ್ದರು.

"ಅಕ್ಕಾರ, ನಾ ತಪ್ಪ ಫೈಲ್ ತಗೊಂಡ್ನೇನ್ರಿ?"

ಯಾವ ಹೆಸರಿನದು ಎಂದು ಕೇಳಿದೆ. ಹೇಳಿದ. ಸರಿಯಾದದ್ದೇ. "ಮೊದಲನೇ ಸಾಲು ನೋಡಿದ್ಯಾ?"

"ನೋಡಿದ್ನಿರಿ. ಹೊಸ ಫಿಕ್ಸ್ಚರ್ ಅಂತ ನೀವು ಬರದಿರ್ತಿದ್ರಲ್ಲ, ಅದು ಇರಲಿಲ್ರಿ. ಈಗ ಎಲ್ಲಾರಿಗೂ ಗೊತ್ತೈತಿ ಅಂತ ನೀವ ತಗದೀರಿ ಅನ್ಕೊಂಡ್ನಿ."

ನಾನು ತೆಗೆದಿರಲಿಲ್ಲ. ಆಗ ನನಗೆ ಅರ್ಥವಾಯಿತು. ಬೇಸಿಗೆಯಲ್ಲಿ ನಿಂತುಹೋಗಿದ್ದ ಡಿಸ್ಕು ಪೂಜೆಯ ದಿನ ಮೇಲಿನ ಜಾಗದಲ್ಲಿ ಹೋಗಿ ಕೂತು, ಕಿತ್ತು ಹಾಕಿದ್ದಕ್ಕೆ ಮತ್ತೆ ಎದ್ದು ಓಡತೊಡಗಿತ್ತು. ಯಾವುದು ಹೊಸದು ಎಂದು ಆ ಕಾರ್ಡು ಯಾರನ್ನೂ ಕೇಳಲಿಲ್ಲ. ಮೇಲಿದ್ದದ್ದೇ ನಿಜವೆಂದುಕೊಂಡು, ಬೇಸಿಗೆಯ ಪ್ರೋಗ್ರಾಮುಗಳನ್ನೆಲ್ಲ ಇಷ್ಟು ದಿನ ಕೆಲಸ ನಡೆಸಿದ್ದ ಡಿಸ್ಕಿನ ಮೇಲೆ ಅಚ್ಚುಕಟ್ಟಾಗಿ ಬರೆದು ಮುಗಿಸಿತ್ತು. ದೀಪ ಮಿಣುಕುತ್ತಿದ್ದಷ್ಟು ಹೊತ್ತೂ ನಾನು ಕೈಕಟ್ಟಿ ನೋಡುತ್ತಿದ್ದದ್ದು ಅದನ್ನೇ. ಆಷಾಢದಲ್ಲಿ ತಿದ್ದಿದ್ದು ಒಂದೂ ಉಳಿದಿರಲಿಲ್ಲ. ಇವನ ಪಾರ್ಟಿನದು ಮಾತ್ರವಲ್ಲ, ಎಲ್ಲವೂ ಹಿಂದಕ್ಕೆ ಹೋಗಿದ್ದವು. ತಮ್ಮನ ಮಷೀನಿನ ಮೇಲೂ ಇದ್ದದ್ದು ಎತ್ತರದ ಫಿಕ್ಸ್ಚರೇ.

ಯಜಮಾನರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಕಂಪ್ರೆಸರ್ ಓಡುವಾಗ ಆ ಶೆಡ್ಡಿನಲ್ಲಿ ಯಾರಿಗೂ ಫೋನು ಕೇಳಿಸುವುದಿಲ್ಲ. ನನ್ನ ಮುಖದಲ್ಲಿ ಏನು ಕಂಡನೋ, ಅವನು ಎದ್ದು ಕೂತ.

"ಏನ್ರಿ? ತಮ್ಮನ ಮಷೀನೇನ್ರಿ?"

ಹೌದೆಂದೆ. ಅವನು ಜೇಬಿನಿಂದ ತನ್ನ ಫೋನು ತೆಗೆದು, ನೋಡದೆಯೇ ಒತ್ತಿ ಕಿವಿಗಿಟ್ಟುಕೊಂಡ. ಅಣ್ಣನ ಸುದ್ದಿಗೆ ಕಾಯುತ್ತಾ ತಮ್ಮ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರಬೇಕು, ಎದೆಗೆ ಅದುರಿದ ಕೂಡಲೇ ಎತ್ತಿದ.

"ಏನ್ ಮಾಡಾಕತ್ತಿ? ಚಾಲೂ ಮಾಡೀಯೇನು? ಮಾಡಬ್ಯಾಡ. ಕೈ ತಗಿ. ಹಿಂದ ಸರಿ, ಇನ್ನೂ ಹಿಂದ. ಹಾಂ. ಯಜಮಾನ್ರಿಗೆ ಹೇಳು, ಅಕ್ಕಾರು ಬರೂತನಕ ಯಾವ ಮಷೀನೂ ಬ್ಯಾಡ. ನಾನಾ? ನಾ ಆರಾಮದೀನಿ."

ಫೋನು ಇಟ್ಟು, "ಗುಂಡಿ ಮ್ಯಾಲೆ ಬೆರಳ ಇಟ್ಟಿದ್ನಂತ್ರಿ" ಎಂದ. ನಾನು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತೆ.

ಆಮೇಲೆ ಅವನು ಗೋಡೆಯ ಕಡೆ ನೋಡುತ್ತಾ ಕೇಳಿದ. "ಅಕ್ಕಾರ, ಕಣ್ಣು ಬರ್ತೈತೇನ್ರಿ?"

ಡಾಕ್ಟರು ನನಗೆ ಆಗಲೇ ಹೇಳಿದ್ದರು. ಸುಳ್ಳು ಬಾಯಿಗೆ ಬಂತು, ಆದರೆ ಹೊರಡಲಿಲ್ಲ.

"ಇಲ್ಲ" ಎಂದೆ.

ಅವನು ತಲೆಯಾಡಿಸಿದ. ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾ, "ತಮ್ಮಗ ಇವತ್ತ ಹೇಳಬ್ಯಾಡ್ರಿ ಅಕ್ಕಾರ. ನಾಳಿ ಅವನೂ ಮಷೀನ್ ಮುಂದ ನಿಲ್ಲಬೇಕಲ್ಲ, ಕೈ ನಡುಗ್ತಾವ" ಎಂದ.