ನಮ್ಮವರ ವಗ್ಗರಣಿ ಬಂಡಿ

ನಮ್ಮ ಮನೆಯವರು ಮೊದಲು ಲಾರಿ ಓಡಿಸುತ್ತಿದ್ದರು. ಸಿಂಧನೂರಿನ ಅಕ್ಕಿ ಗಿರಣಿಯಿಂದ ಮೂಟೆ ತುಂಬಿಕೊಂಡು ಹೋದರೆ ವಾರ ಕಳೆದ ಮೇಲೇ ಮುಖ ಕಾಣುತ್ತಿತ್ತು. ಒಮ್ಮೆ ಜವಳಗೇರಾದ ಹತ್ತಿರ ಲಾರಿ ಕಾಲುವೆಗೆ ಉರುಳಿತು. ಜೀವ ಉಳಿಯಿತು. ಎಡ ಮೊಣಕಾಲು ಮಡಚದಂತಾಯಿತು. ಕ್ಲಚ್ ತುಳಿಯುವ ಕಾಲು ಅದು.

ಆಸ್ಪತ್ರೆಯಲ್ಲಿ ನಾನು ಗೋಡೆ ಹಿಡಿದು ಅತ್ತೆ. ಅವರು ಮಂಚದ ಮೇಲಿಂದ ಅಂದರು:

“ಯಾಕ್ ಅಳ್ತೀ? ಗಂಡ ಮನ್ಯಾಗ ಇರಂಗಿಲ್ಲ ಅಂತ ದಿನಾ ಬೈತಿದ್ದಿ. ಈಗ ಕುಂಟ ಆಗೀನಿ, ಎಲ್ಲಿ ಹೋಗ್ಲಿ?”

“ಮನ್ಯಾಗ ಕುಂತು ಏನ್ ತಿಂತೀರಿ?”

“ನೀ ಮಾಡಿದ ವಗ್ಗರಣಿ. ಊರಿಗೂ ತಿನ್ಸೋಣು.”

ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ಬಸ್ ನಿಲ್ದಾಣದ ಹೊರಗೆ, ನಾಸೀರನ ಚಹಾ ಬಂಡಿಯ ಪಕ್ಕದಲ್ಲಿ, ನಮ್ಮದೂ ಒಂದು ತಳ್ಳುಬಂಡಿ ನಿಂತಿತು.

ವಗ್ಗರಣಿ ಅಂದರೆ ನಮ್ಮ ಕಡೆ ಮಂಡಾಳಿನದು, ಬೇರೆ ಕಡೆ ಮಂಡಕ್ಕಿ, ಪುರಿ ಅನ್ನುತ್ತಾರಲ್ಲ, ಅದರದು. ಮಂಡಾಳು ನೀರಿಗೆ ಹಾಕಬೇಕು, ತಕ್ಷಣ ಹಿಂಡಿ ತೆಗೆಯಬೇಕು, ಎಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿಯ ಮೇಲೆ ಸುರಿಯಬೇಕು. ಮೊದಲ ದಿನವೇ ಇವರಿಗೆ ಮಸ್ಕಿಯ ಹಳೆಯ ಗೆಳೆಯನೊಬ್ಬ ಸಿಕ್ಕ. ಮಾತಿಗೆ ನಿಂತರು. ಬುಟ್ಟಿ ಮಂಡಾಳು ನೆನೆದು ಗಂಜಿಯಾಯಿತು. ಅದನ್ನು ಅವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು ನನಗೆ. ಅವರು ಅದಕ್ಕೇ ಕಡಲೆಹಿಟ್ಟು ಕಲಸಿದರು, ಹಸಿಮೆಣಸಿನಕಾಯಿ ಹಾಕಿದರು, ವಡೆ ತಟ್ಟಿ ಎಣ್ಣೆಗೆ ಬಿಟ್ಟರು.

“ಗಾದಿಲಿಂಗಣ್ಣ, ಏನಿದು?” ಅಂದ ನಾಸೀರ್.

“ಇನ್ನ ಹೆಸರಿಟ್ಟಿಲ್ಲಲೇ. ತಿನ್ನು. ನೀ ಬದುಕಿದ್ರ ಇಡೋಣು.”

ಎಲ್ಲ ಖಾಲಿಯಾಯಿತು.

ಅವರು ಹಾಗೆ. ಕೆಟ್ಟಿದ್ದಕ್ಕೆ ಅಳುತ್ತ ಕೂರುವವರಲ್ಲ. ಮಳೆ ಬಂದು ಗಿರಾಕಿ ಬರದಿದ್ದರೆ, ಇವತ್ತು ನೀನೇ ಹೊಟ್ಟೆ ತುಂಬ ತಿನ್ನು ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ತಿನ್ನುತ್ತಿದ್ದೆ.

ಹೋದ ವರ್ಷ ಭತ್ತದ ಸುಗ್ಗಿಯ ಹೊತ್ತಿಗೆ, ಬಂಡಿ ತೊಳೆಯುತ್ತಿದ್ದವರು ಎದೆ ಹಿಡಿದು ಕೂತರು. ಏಳಲಿಲ್ಲ.

ಬಂದವರೆಲ್ಲ ಸಮಾಧಾನ ಹೇಳಿದರು. ನರಳಲಿಲ್ಲ, ಪುಣ್ಯವಂತ ಅಂದರು. ಸಾವಿನಲ್ಲಿ ಒಳ್ಳೆಯದನ್ನು ಹುಡುಕುವುದು ನನ್ನಿಂದ ಆಗಲಿಲ್ಲ. ಇವತ್ತಿಗೂ ಆಗಿಲ್ಲ. ಅವರಿದ್ದರೆ ಅವರೇ ಏನಾದರೂ ಅನ್ನುತ್ತಿದ್ದರು. ಅದನ್ನು ಕೇಳಬೇಕು ಅಂತ ಜೀವ ಕಾಯುತ್ತದೆ.

ಲಿಂಗಸುಗೂರಿನಿಂದ ನನ್ನ ಅಣ್ಣ ಹಂಪಣ್ಣ ಬಂದ.

“ಬಂಡಿ ನಾಸೀರ್‌ಗೆ ಕೊಟ್ಟು ನಮ್ಮ ಮನಿಗೆ ಬಾ ತಂಗಿ. ಒಬ್ಬಾಕಿ ಇಲ್ಲೇನ್ ಮಾಡ್ತೀ?”

ಹೂಂ ಅಂದೆ. ಮನೆಯಲ್ಲಿ ಅವರ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೂ ಹೆಸರು ಹೇಳದೆ ‘ಹೋದಾವ’ ಅನ್ನುತ್ತಿದ್ದರು, ನಾನು ಅಳುತ್ತೇನೆ ಅಂತ.

ಬಂಡಿ ಒಪ್ಪಿಸಲು ಇಬ್ಬರೂ ಹೋದೆವು. ಬೇರೆಯವರು ಬಂದು ನಿಲ್ಲದಂತೆ ನಾಸೀರ್ ನಮ್ಮ ಜಾಗಕ್ಕೆ ತನ್ನ ಬೆಂಚು ಅಡ್ಡ ಇಟ್ಟು ಕಾದಿದ್ದ. ಬಂಡಿಗೆ ತಾಡಪತ್ರಿ ಹೊದಿಸಿದ್ದ. ನಾನು ತಾಡಪತ್ರಿ ಎಳೆದೆ. ಅಷ್ಟರಲ್ಲಿ ಮುದಗಲ್ ಬಸ್ಸಿಗೆ ಓಡುತ್ತಿದ್ದ ಹೆಂಗಸೊಬ್ಬಳು ನಿಂತಳು.

“ಯವ್ವಾ, ಬಂಡಿ ತೆರೆದ್ರೇನು? ಗಾದಿಲಿಂಗಣ್ಣ ಎಲ್ಲಿ ಹೋಗ್ಯಾನ? ಗಾದಿಲಿಂಗಣ್ಣನ ವಗ್ಗರಣಿ ಬೇಕಂತ ನನ್ನ ಮಕ್ಳು ಜೀವಾ ತಿನ್ನಾಕತ್ಯಾವ.”

ನಾಸೀರ್ ತಲೆ ತಗ್ಗಿಸಿದ. ನಾನೇ ಹೇಳಿದೆ, ತೀರಿಕೊಂಡರು ಅಂತ.

“ಅಯ್ಯ ಶಿವನ! ಗಾದಿಲಿಂಗಣ್ಣ?” ಅಂದಳು. ಸೆರಗು ಬಾಯಿಗೆ ಇಟ್ಟುಕೊಂಡಳು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಎಂದೂ ಹೇಳಿದವಳಲ್ಲ. ಬೇರೆಯವರ ಬಾಯಿಂದಲೇ ಕೇಳಬೇಕು. ಅವರು ಹೋದ ಮೇಲೆ ಆ ಹೆಸರನ್ನು ಅವತ್ತೇ ಮೊದಲು ಕೇಳಿದ್ದು. ಆಕೆ ಇನ್ನೊಮ್ಮೆ ಅನ್ನಲಿ ಅನ್ನಿಸಿತು. ಲಿಂಗಸುಗೂರಿನಲ್ಲಿ ಆ ಹೆಸರನ್ನು ಯಾರು ಕೂಗುತ್ತಾರೆ?

“ಅಣ್ಣಾ, ನಾ ಬರಂಗಿಲ್ಲ.”

“ಹುಚ್ಚಿ ಏನ್ ನೀ? ಈ ಬಂಡ್ಯಾಗ ಏನೈತಿ?”

ನಾನು ಬಂಡಿಯ ಕಡೆ ತಿರುಗಿದೆ. “ನಾಸೀರ್, ನಿನ್ನ ಬೆಂಚ್ ತಗಿಯಪ್ಪ” ಅಂದೆ. ಅವನು ತೆಗೆದ.

ಆ ಹೆಂಗಸಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಕೂಗಿ ಹೇಳಿದೆ:

“ನಾಡಿದ್ದು ಬಾರವ್ವ. ಮಕ್ಳನ್ನೂ ಕರ್ಕೊಂಡು ಬಾ. ಯಾರ ವಗ್ಗರಣಿ ಬೇಕು ಅಂತ ಹೆಸರು ಹೇಳಿ ಗಟ್ಟಿಯಾಗಿ ಕೇಳ್ರಿ.”